ಅರ್ಜಿ ಸಾಹೇಬರಿಗೆ ಕೊಟ್ಟ ಬನ್ನಿ

ನಾನು ಅಂಜುಬುರುಕ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯಲು ಸುಲಭ. ಲಂಡನ್ನಿನ ಹ್ಯಾರೋದಲ್ಲಿ ನಮ್ಮ ಹಿಂದಿನ ಬೀದಿಯ ಬೆಂಗಳೂರಿನವರ ಮಗಳು ಅನಘಾ ಈಗೊಂದು ದಾಖಲೆ ಭಂಡಾರದಲ್ಲಿ ಕೆಲಸಕ್ಕೆ ಸೇರುತ್ತಿದ್ದಾಳೆ. "ಅಂಕಲ್, ಆ ಜಾಬ್ ನಿಜವಾಗ್ಲೂ ಹೇಗಿರುತ್ತೆ? ಬೋರಿಂಗಾ?" ಎಂದು ಕೇಳಿದಳು. ಬೇಸರಪಡುವಷ್ಟು ನೆಮ್ಮದಿ ನನಗೆ ಅಲ್ಲಿ ಒಂದು ದಿನವೂ ಇರಲಿಲ್ಲ ಎಂದು ಅವಳಿಗೆ ಹೇಗೆ ಹೇಳಲಿ? ಬಾಯಲ್ಲಿ ಹೇಳಹೋದರೆ ಅರ್ಧ ನುಂಗುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಇಂಗ್ಲಿಷರು ನಮ್ಮನ್ನು ಆಳುವಾಗ ಬರೆದ ಕಾಗದಗಳನ್ನು ಇಟ್ಟಿದ್ದ ಲಂಡನ್ನಿನ ಒಂದು ಭಂಡಾರದಲ್ಲಿ ನಾನು ಹದಿನೆಂಟು ವರ್ಷ ಕೆಲಸ ಮಾಡಿದೆ. ಸೇರಿದ್ದು ತೊಂಬತ್ತರ ದಶಕದ ಆರಂಭದಲ್ಲಿ. ಧಾರವಾಡದಲ್ಲಿ ಕಾಲೇಜಿನ ಗ್ರಂಥಾಲಯದಲ್ಲಿದ್ದವನು, ನರ್ಸ್ ಆಗಿದ್ದ ಹೆಂಡತಿ ಗಿರಿಜಾಳ ಹಿಂದೆ ಇಲ್ಲಿಗೆ ಬಂದೆ. ಕೆಲಸ ಇಷ್ಟೇ: ಓದುಗರು ಮೇಲಿನ ಕೋಣೆಯಲ್ಲಿ ಕೂತು ಚೀಟಿ ಬರೆಯುತ್ತಾರೆ, ನಾವು ಕೆಳಗಿನ ಉಗ್ರಾಣದಿಂದ ಆ ಕಾಗದಗಳನ್ನು ಹೊಲಿದಿಟ್ಟ ಸಂಪುಟ ತಂದು ಕೊಡುತ್ತೇವೆ, ಸಂಜೆ ಅದನ್ನು ಅದರ ಜಾಗಕ್ಕೇ ಸೇರಿಸುತ್ತೇವೆ. ತಂದವನು ಚೀಟಿಯ ಮೇಲೆ ತನ್ನ ಸಹಿ ಹಾಕಬೇಕು. ಪೆನ್ನು ಒಳಗೆ ಒಯ್ಯುವಂತಿಲ್ಲ, ಎಲ್ಲವೂ ಪೆನ್ಸಿಲಿನಲ್ಲೇ. ತಿಂಡಿ, ನೀರು, ಹೂವು, ಎಲೆ ಯಾವುದೂ ಕೂಡದು, ಹುಳ ಬೀಳುತ್ತದೆ. ಎಲೆಯ ಮಾತು ನೆನಪಿಟ್ಟುಕೊಳ್ಳಿ.

ಉಗ್ರಾಣದಲ್ಲಿ ಕಪಾಟುಗಳು ಹಳಿಗಳ ಮೇಲೆ ಉರುಳುತ್ತಿದ್ದವು. ಹಿಡಿಕೆ ತಿರುಗಿಸಿದರೆ ಇಲ್ಲೊಂದು ದಾರಿ ತೆರೆಯುತ್ತದೆ, ಅಲ್ಲೊಂದು ಮುಚ್ಚುತ್ತದೆ. ಮುಚ್ಚುವ ದಾರಿಯಲ್ಲಿ ಯಾರಾದರೂ ಕೂತು ಲೇಸು ಕಟ್ಟಿಕೊಳ್ಳುತ್ತಿದ್ದರೆ? ದೀಪಗಳು ಬೇರೆ ಹತ್ತು ನಿಮಿಷಕ್ಕೆ ತಾವೇ ಆರುತ್ತಿದ್ದವು. ಮೊದಲ ವಾರ ಪ್ರತಿ ಸಲ ಹಿಡಿಕೆ ಮುಟ್ಟುವ ಮುನ್ನ ಮೂರು ಬಾರಿ ಕೂಗುತ್ತಿದ್ದೆ, "ಯಾರರ ಅದೀರೇನ್ರೀ ಒಳಗ?" ನಮ್ಮ ಮೇಲಧಿಕಾರಿ ಮಾರ್ಗರೆಟ್ ಒಂದು ದಿನ ಹಿಂದಿನಿಂದ ಬಂದು ನಿಂತಳು. "ಶ್ರೀಪಾದ್, ದಿನಾ ಇಲ್ಲಿ ಯಾರಿಗೆ ಪ್ರಾರ್ಥನೆ ಮಾಡುತ್ತೀರಿ?" ಎಂದಳು. ಇಂಗ್ಲಿಷಿನಲ್ಲಿ ಕೂಗಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಆಮೇಲೆಯೂ ಕನ್ನಡದಲ್ಲೇ ಕೂಗಿದೆ. ಭಯದಲ್ಲಿ ಬೇರೆ ಭಾಷೆ ಬರುವುದಿಲ್ಲ.

ಮಾರ್ಗರೆಟ್ ಕೆಟ್ಟವಳಲ್ಲ. ಎತ್ತರದ, ಒಣಕಲು ಹೆಂಗಸು. ತಪ್ಪು ಮಾಡಿದವರನ್ನು ಬೈಯುತ್ತಿರಲಿಲ್ಲ, ಕನ್ನಡಕ ತೆಗೆದು ಒರೆಸುತ್ತಿದ್ದಳು. ಬೈದಿದ್ದರೇ ಚೆನ್ನಾಗಿತ್ತು.

ನನ್ನ ಮೊದಲ ದೊಡ್ಡ ತಪ್ಪು ಎರಡನೇ ವರ್ಷದಲ್ಲಿ ಆಯಿತು. ಒಂದು ಸಂಪುಟವನ್ನು ಬೇರೆ ಕಪಾಟಿನಲ್ಲಿ ಇಟ್ಟುಬಿಟ್ಟೆ. ಅಲ್ಲಿ ತಪ್ಪು ಜಾಗದಲ್ಲಿದ್ದ ಸಂಪುಟ ಅಂದರೆ ಕಳೆದುಹೋದ ಸಂಪುಟವೇ. ಹನ್ನೊಂದು ದಿನ ಯಾರಿಗೂ ಹೇಳದೆ, ಊಟದ ಬಿಡುವಿನಲ್ಲಿ ಒಬ್ಬನೇ ಹುಡುಕಿದೆ. ಹನ್ನೆರಡನೇ ದಿನ ಸಿಕ್ಕಿತು. ಸಿಕ್ಕಿದ್ದೇ ಕೆಟ್ಟದ್ದಾಯಿತು ಎಂದು ಈಗ ಅನ್ನಿಸುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ತಾನೇ ಸರಿಹೋಗುತ್ತದೆ ಎಂಬ ಪಾಠವನ್ನು ನಾನು ಅವತ್ತು ಕಲಿತೆ.

ಇನ್ನು ಅರ್ಜಿ ಸಾಹೇಬರ ವಿಷಯ. ಹೆಸರು ಬೇಡ, ಮನೆತನದವರು ಇದ್ದಾರೆ. ಧಾರವಾಡ ಜಿಲ್ಲೆಯಲ್ಲಿ ನೂರು ವರ್ಷಕ್ಕೂ ಹಿಂದೆ ಅಸಿಸ್ಟೆಂಟ್ ಕಲೆಕ್ಟರ್ ಆಗಿದ್ದ ಇಂಗ್ಲಿಷ್ ಅಧಿಕಾರಿ. ಅವರಿಗಿಂತ ಕಿರಿಯರು ಮೂವರು ಅವರನ್ನು ದಾಟಿ ಕಲೆಕ್ಟರ್ ಆದರು. ಸಾಹೇಬರು ಸರಕಾರಕ್ಕೆ ಅರ್ಜಿ ಬರೆದರು, ನಲವತ್ತಾರು ಹಾಳೆ. ತೋಡಿಸಿದ ಬಾವಿ, ಹಾಕಿಸಿದ ರಸ್ತೆ, ಕಲಿತು ಪಾಸು ಮಾಡಿದ ಕನ್ನಡ ಪರೀಕ್ಷೆ, ಎಲ್ಲ ಅದರಲ್ಲಿದೆ. ಹಾಳೆ ತಿರುವಿದ ಹಾಗೆ ಅಕ್ಷರ ನಡುಗುತ್ತಾ ಹೋಗುತ್ತದೆ. ನಲವತ್ತೇಳನೆಯ ಹಾಳೆ ಸರಕಾರದ ಉತ್ತರ. ಈ ಅಧಿಕಾರಿಯ ಬಗ್ಗೆ ಜನರಿಗೆ ಒಲವಿಲ್ಲ, ಮರುಯೋಚನೆಗೆ ಕಾರಣ ಕಾಣುವುದಿಲ್ಲ ಎಂದು ಎರಡೇ ಸಾಲು.

ಸಾಹೇಬರು ದೇವಮನುಷ್ಯರೇನೂ ಅಲ್ಲ. ಕುದುರೆಯಿಂದ ಇಳಿದು ಸಲಾಮು ಮಾಡಲಿಲ್ಲವೆಂದು ಒಬ್ಬ ಗೌಡನಿಗೆ ದಂಡ ಹಾಕಿದ್ದನ್ನು ತಾವೇ ಹೆಮ್ಮೆಯಿಂದ ಬರೆದುಕೊಂಡಿದ್ದಾರೆ. ಹನ್ನೆರಡನೆಯ ಹಾಳೆಯಲ್ಲಿ ತಮ್ಮ ಕಚೇರಿಯ ಧಾರವಾಡದ ಕಾರಕೂನರ ಬಗ್ಗೆ ಒಂದು ಮಾತು ಇದೆ. ಇವರು ಕೆಟ್ಟತನದಿಂದ ಸುಳ್ಳು ಹೇಳುವವರಲ್ಲ, ಭಯದಿಂದ ಹೇಳುತ್ತಾರೆ, ಇಡೀ ಊರೇ ಹೀಗೆ, ಎಂಬ ಅರ್ಥದ ಮಾತು. ಮೊದಲ ಸಲ ಓದಿದಾಗ ನನ್ನ ಮೈ ಉರಿದಿತ್ತು. ನಮ್ಮ ಮುತ್ತಜ್ಜನೂ ಅಂಥದೇ ಕಚೇರಿಯಲ್ಲಿ ಕಾರಕೂನನಾಗಿದ್ದ.

ಅಷ್ಟಿದ್ದೂ ನಾನು ಆ ಸಾಹೇಬರಿಗೆ ಬನ್ನಿ ಕೊಟ್ಟದ್ದು ಯಾಕೆ ಎಂದು ಕೇಳಬಹುದು. ಆ ವರ್ಷ ಓದುವ ಕೋಣೆಯ ಮೇಲ್ವಿಚಾರಕನ ಹುದ್ದೆಗೆ ನಾನು ಎರಡನೆಯ ಸಲ ಸಂದರ್ಶನಕ್ಕೆ ಕೂತೆ, ಎರಡನೆಯ ಸಲವೂ ಕೈತಪ್ಪಿತು. ನನ್ನಿಂದಲೇ ಕೆಲಸ ಕಲಿತವನಿಗೆ ಕೊಟ್ಟರು. ಶ್ರೀಪಾದ್ ಓದುಗರೊಂದಿಗೆ ಬೆರೆಯುವುದಿಲ್ಲ ಎಂದು ಕಾರಣ ಬರೆದಿದ್ದರು. ಅದಾದ ಮೂರನೇ ದಿನ ವಿಜಯದಶಮಿ. ಧಾರವಾಡದಿಂದ ತಂಗಿ ಪ್ರತಿವರ್ಷ ಪತ್ರದೊಳಗೆ ನಾಲ್ಕು ಎಸಳು ಬನ್ನಿ ಇಟ್ಟು ಕಳಿಸುತ್ತಿದ್ದಳು. ಊರಲ್ಲಾದರೆ ಸಂಜೆ ಓಣಿಯ ಹಿರಿಯರ ಮನೆಗೆಲ್ಲ ಹೋಗಿ ಬನ್ನಿ ಕೊಟ್ಟು, ಬಂಗಾರದಂಗ ಇರೋಣ ಎಂದು ಕಾಲಿಗೆರಗಬೇಕು. ಇಲ್ಲಿ ಯಾರಿಗೆ ಕೊಡುವುದು? ಒಂದು ಎಸಳು ಅಂಗಿಯ ಜೇಬಿನಲ್ಲಿ ಹಾಗೇ ಉಳಿದಿತ್ತು. ಆ ಸಂಜೆ, ಯಾರೋ ಓದುಗನಿಗೆ ನಾನೇ ತಂದುಕೊಟ್ಟಿದ್ದ ಸಾಹೇಬರ ಸಂಪುಟವನ್ನು ಮರಳಿ ಕಪಾಟಿಗೆ ಇಡಲು ಹೋದೆ. ಇಡುವ ಮುನ್ನ ಕೊನೆಯ ಹಾಳೆ ತೆರೆದೆ. ಜನರಿಗೆ ಒಲವಿಲ್ಲ. ಏನನ್ನಿಸಿತೋ, ಜೇಬಿನಿಂದ ಬನ್ನಿ ತೆಗೆದು ಆ ಉತ್ತರದ ಮೇಲಿಟ್ಟೆ.

"ತಗೋರಿ ಸಾಹೇಬ್ರ, ಬಂಗಾರದಂಗ ಇರೋಣು" ಎಂದೆ. ದೀಪ ಆರಿತು.

ಕತ್ತಲಲ್ಲಿ ಸಂಪುಟ ಮುಚ್ಚಿ, ಕಪಾಟಿಗೆ ತುರುಕಿ, ಓಡಿ ಬಂದೆ. ಮೇಲೆ ಬಂದ ಮೇಲೆ ಅರಿವಾಯಿತು. ಹುಳ ಬೀಳುವ ಎಲೆಯನ್ನು ನಾನೇ ಒಳಗಿಟ್ಟಿದ್ದೆ. ಮರುದಿನ ಬೆಳಗ್ಗೆ ತೆಗೆಯೋಣವೆಂದು ಹೋದರೆ ಆ ಜಾಗದಲ್ಲಿ ಸಂಪುಟದ ಬದಲು ಮರದ ತುಂಡು ನಿಂತಿತ್ತು. ಆ ಸಾಲಿನ ಸಂಪುಟಗಳನ್ನೆಲ್ಲ ಹೊಸ ಹೊಲಿಗೆ, ಹೊಸ ರಟ್ಟು ಹಾಕಲು ಒಯ್ದಿದ್ದರು. ಎಂಟು ತಿಂಗಳು ಪ್ರತಿದಿನ ಕರೆ ಬರುತ್ತದೆಂದು ಕಾದೆ, ಬರಲಿಲ್ಲ. ಸಂಪುಟ ತಿರುಗಿ ಬಂದಾಗ ಹಾಳೆ ಹಾಳೆ ತಿರುವಿದೆ, ಎಲೆ ಇರಲಿಲ್ಲ. ಬೈಂಡು ಮಾಡುವವರು ಎಸೆದಿರಬೇಕು ಎಂದುಕೊಂಡೆ. ಮತ್ತೆ ಅದೇ ಪಾಠ, ಬಾಯಿ ಮುಚ್ಚಿದ್ದರೆ ಸರಿಹೋಗುತ್ತದೆ.

ಆಮೇಲಿನ ವರ್ಷಗಳಲ್ಲಿ ಚೀಟಿ ಹೋಗಿ ಕಂಪ್ಯೂಟರ್ ಬಂತು. ಯಾರು ಯಾವ ಸಂಪುಟವನ್ನು ಎಷ್ಟು ಹೊತ್ತಿಗೆ ಮುಟ್ಟಿದರು ಎಂಬುದೆಲ್ಲ ಅದರ ಹೊಟ್ಟೆಯಲ್ಲಿ ಕೂರುತ್ತಿತ್ತು. ಕಿರಿಯರಿಗೆ ಅದು ಸಡಗರ, ನನಗೆ ಬೆನ್ನ ಹಿಂದೆ ಒಬ್ಬರು ನಿಂತ ಹಾಗೆ. ಮೇಲ್ವಿಚಾರಕನ ಹುದ್ದೆ ಮೂರನೆಯ ಸಲವೂ ತಪ್ಪಿತು. ಆಗ ಬಂದವರು ಆರ್ಥರ್.

ಆರ್ಥರ್ ಅರ್ಜಿ ಸಾಹೇಬರ ಮರಿಮಗ. ಎಪ್ಪತ್ತು ದಾಟಿದ ನಿವೃತ್ತ ಮಾಸ್ತರು, ಹ್ಯಾರೋದ ಪಕ್ಕದ ಸ್ಟ್ಯಾನ್ಮೋರಿನಲ್ಲಿ ಒಬ್ಬರೇ ಇದ್ದರು. ಪ್ರತಿ ಮಂಗಳವಾರ ಬಂದು ಅದೇ ಸಂಪುಟ ತರಿಸಿ ಕೂರುತ್ತಿದ್ದರು. ತಮ್ಮ ಮುತ್ತಜ್ಜನಿಗೆ ಅನ್ಯಾಯವಾಯಿತೆಂದು ಪುಸ್ತಕ ಬರೆಯುತ್ತಿದ್ದರು. ಜನರಿಗೆ ಒಲವಿಲ್ಲ ಎಂಬ ಮಾತನ್ನು ಸುಳ್ಳಾಗಿಸುವ ಒಂದೇ ಒಂದು ಕಾಗದ ಸಿಕ್ಕರೆ ಸಾಕು ಎನ್ನುತ್ತಿದ್ದರು. "ನಮ್ಮ ಮನೆಯಲ್ಲಿ ಅವರ ಹೆಸರು ಎತ್ತಲು ನಾಚುತ್ತಿದ್ದರು, ನನ್ನ ಅಜ್ಜ ನಾಚಿಕೆಯಲ್ಲೇ ಸತ್ತರು" ಎಂದು ನನಗೆ ಒಮ್ಮೆ ಹೇಳಿದ್ದರು.

ಒಂದು ಮಂಗಳವಾರ ಕೋಣೆಯಲ್ಲಿ ಸಣ್ಣ ಗದ್ದಲವಾಯಿತು. ಮಾರ್ಗರೆಟ್ ನನ್ನನ್ನು ಕರೆಸಿದಳು. ಆರ್ಥರ್ ಮೇಜಿನ ಬಳಿ ನಿಂತಿದ್ದರು, ಸಂಪುಟ ತೆರೆದಿತ್ತು. ನಲವತ್ತೇಳನೆಯ ಹಾಳೆಯ ಬುಡದಲ್ಲಿ, ಹೊಲಿಗೆಯ ಸಂದಿಯಲ್ಲಿ ಒತ್ತಿ ಕೂತಿತ್ತು, ಅಂದು ನನಗೆ ಕಾಣದೆ ಹೋಗಿದ್ದ ನನ್ನ ಬನ್ನಿ. ಹೊಸ ರಟ್ಟಿನ ಬಿಗಿಯಲ್ಲಿ ಅದು ಕಂದಿ, ಕಾಗದಕ್ಕೆ ಅಂಟಿ, ನೂರು ವರ್ಷ ಹಳೆಯದಾಗಿ ಕಾಣುತ್ತಿತ್ತು.

"ನೀವು ಅದೇ ಊರಿನವರಲ್ಲವೇ? ಇದು ಏನೆಂದು ಗೊತ್ತೇ?" ಎಂದು ಆರ್ಥರ್ ಕೇಳಿದರು.

ನನ್ನದು ಎನ್ನಬೇಕಿತ್ತು. ಒಂದೇ ಮಾತು. ಮಾರ್ಗರೆಟ್ ಕನ್ನಡಕಕ್ಕೆ ಕೈ ಹಾಕಿದಳು. "ಇದು ಬನ್ನಿ ಎಲೆ. ದಸರಾದಲ್ಲಿ ನಮ್ಮ ಜನ ಗೌರವ ಇರುವವರಿಗೆ ಕೊಡುತ್ತಾರೆ, ಬಂಗಾರ ಎನ್ನುತ್ತಾರೆ" ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆರ್ಥರ್ ಕುರ್ಚಿಯಲ್ಲಿ ಕುಸಿದು ಮುಖ ಮುಚ್ಚಿಕೊಂಡು ಅತ್ತರು. ಜನ ಕೊಟ್ಟ ಎಲೆಯನ್ನು ಮುತ್ತಜ್ಜ ಸಾಕ್ಷಿಯಾಗಿ ಅರ್ಜಿಯ ಜೊತೆ ಕಳಿಸಿದ್ದರು, ಯಾರೂ ನೋಡಲೇ ಇಲ್ಲ ಎಂದರು. ಮಾರ್ಗರೆಟ್ ಎಲೆಯನ್ನು ತೆಳು ಲಕೋಟೆಗೆ ಹಾಕಿ, ಅದರ ಬಲತುದಿಯಲ್ಲಿ ಪೆನ್ಸಿಲಿನಿಂದ ೪೭ಎ ಎಂದು ಬರೆದಳು. ಭಂಡಾರದಲ್ಲಿ ಸಂಖ್ಯೆ ಬಿದ್ದ ವಸ್ತು ದಾಖಲೆಯಾಯಿತು ಅಂತಲೇ ಅರ್ಥ.

ಎರಡು ತಿಂಗಳಿಗೆ ಮೇಲ್ವಿಚಾರಕನ ಹುದ್ದೆ ಮತ್ತೆ ಖಾಲಿಯಾಯಿತು. ಈ ಸಲ ಮಾರ್ಗರೆಟ್ ತಾನೇ ನನ್ನ ಹೆಸರು ಸೂಚಿಸಿದಳು. ಸಂದರ್ಶನದಲ್ಲಿ ಕೇಳಿದ್ದು ಎಲೆಯ ಬಗ್ಗೆಯೇ. ಹತ್ತು ನಿಮಿಷ ಮಾತಾಡಿದೆ, ಬೆವರುತ್ತ. ನನ್ನ ವಿನಯ ಅವರಿಗೆ ಹಿಡಿಸಿತಂತೆ. ಮೂರು ಸಲ ದಾಟಿಹೋದ ಬಡ್ತಿ ಆ ಎಲೆಯ ಮೇಲೆ ಕೂತು ಬಂತು.

ನೆಲಮಾಳಿಗೆಯಲ್ಲಿ ಹಳೆಯ ಚೀಟಿಗಳ ಕಟ್ಟುಗಳು ಇನ್ನೂ ಇದ್ದವು. ಆ ವಿಜಯದಶಮಿಯ ಚೀಟಿ ಯಾರ ಕಣ್ಣಿಗಾದರೂ ಬಿದ್ದರೆ? ಅದರಲ್ಲಿ ತಾರೀಖಿದೆ, ನನ್ನ ಸಹಿ ಇದೆ. ಒಂದು ಮಧ್ಯಾಹ್ನ ಇಳಿದು ಹುಡುಕಿ, ಚೀಟಿ ತೆಗೆದು ಕಾಲುಚೀಲದೊಳಗೆ ಸೇರಿಸಿಕೊಂಡು ಮನೆಗೆ ಬಂದೆ. ಬಾಗಿಲಲ್ಲಿ ಚೀಲ ತಪಾಸಣೆ ಮಾಡುವವನು "ಶುಭ ಸಂಜೆ" ಎಂದಾಗ ಬಿದ್ದೇ ಹೋಗುತ್ತಿದ್ದೆ. ಹದಿನೆಂಟು ವರ್ಷದಲ್ಲಿ ನಾನು ಅಲ್ಲಿಂದ ಕದ್ದದ್ದು ಅದೊಂದೇ.

ಗಿರಿಜಾ ಹಿಡಿದಳು. ನರ್ಸುಗಳ ಕಣ್ಣು ತಪ್ಪಿಸಲಾಗುವುದಿಲ್ಲ.

"ಎರಡು ವಾರ ಆತು, ತಾಟಿನ್ಯಾಗ ಅನ್ನ ಹಂಗ ಬಿಡ್ಲಿಕತ್ತೀರಿ. ಏನಾಗೇದ?"

ಹೇಳಿದೆ, ಎಲ್ಲ.

"ಅಲ್ರೀ, ಸತ್ತ ಸಾಹೇಬಗ ಬನ್ನಿ ಕೊಡಂತ ನಿಮಗ ಹೇಳಿದವರ್ಯಾರು?" ಎಂದು ನಕ್ಕಳು. ಆಮೇಲೆ ನಗು ನಿಂತಿತು. "ಆ ಮುದುಕ ಇದನ್ನ ಪುಸ್ತಕದಾಗ ಹಾಕ್ತಾನೇನು?"

"ಹಾಕ್ತಾನ. ಮುಂದಿನ ತಿಂಗಳಾ ಅಚ್ಚಿಗೆ ಕೊಡ್ತಾನಂತ. ಎಲೀ ಚಿತ್ರ ರಟ್ಟಿನ ಮ್ಯಾಲ."

"ನಾಳೆ ಯಾರರ ತಿಳಿದವರು ನೋಡಿ ಇದು ಹೊಸಾ ಎಲಿ ಅಂದ್ರ ನಗೀಪಾಟಲು ಆಗಾವ ಯಾರು? ನೀವಲ್ಲ, ಅಂವಾ. ಈ ವಯಸ್ಸಿನಾಗ."

"ಹೇಳಿದ್ರ ನನ್ನ ನೌಕರಿ ಹೋಗ್ತದ, ಗಿರಿಜಾ."

"ಹೋದ್ರ ನಾ ದುಡೀಲಿಕತ್ತೀನಿ. ನಿಮ್ಮ ಮಾರಿ ಹಿಂಗ ನೋಡ್ಕೋತ ಕೂಡೂದು ನನ್ನ ಕೈಲೆ ಆಗೂದಿಲ್ಲ. ಶನಿವಾರ ನಡೀರಿ, ನಾನೂ ಬರ್ತೀನಿ."

ಶನಿವಾರ ಅವಳೇ ಕಾರು ನಡೆಸಿದಳು. ಹ್ಯಾರೋದಿಂದ ಸ್ಟ್ಯಾನ್ಮೋರ್ ಎಷ್ಟು ದೂರ? ಅಷ್ಟರಲ್ಲೇ ಎರಡು ಸಲ ತಿರುಗಿ ಹೋಗೋಣವೆಂದೆ. ಅವಳು ಕಾರು ತಿರುಗಿಸಲಿಲ್ಲ. ಆರ್ಥರರ ಮನೆಯ ಮುಂದೆ ನಿಲ್ಲಿಸಿ, "ಇಳೀರಿ" ಎಂದಷ್ಟೇ ಹೇಳಿ ಕಾರಿನಲ್ಲೇ ಕೂತಳು.

ಆರ್ಥರ್ ಬಾಗಿಲು ತೆರೆದು, ನನ್ನನ್ನು ಕಂಡು ಖುಷಿಪಟ್ಟರು. ಒಳಗೆ ಬನ್ನಿ, ರಟ್ಟಿನ ನಮೂನೆ ಬಂದಿದೆ, ತೋರಿಸುತ್ತೇನೆ ಎಂದರು. ಒಳಗೆ ಹೋದರೆ ಹೇಳಲಾರೆನೆಂದು ಗೊತ್ತಿತ್ತು. ಹೊಸ್ತಿಲಲ್ಲೇ ನಿಂತು ಹೇಳಿದೆ. ಎಲೆ ನನ್ನದು, ನಿಮ್ಮ ಮುತ್ತಜ್ಜನಿಗೆ ಯಾರೂ ಕೊಟ್ಟದ್ದಲ್ಲ, ನಾನು ಇಟ್ಟದ್ದು. ಯಾವ ವರ್ಷ, ಯಾವ ದಿನ, ಯಾಕೆ ಎಂದು ತೊದಲಿದೆ. ಅವರ ಕೈ ಬಾಗಿಲಿನ ಚಿಲಕದ ಮೇಲೇ ಇತ್ತು.

"ಮತ್ತೆ ಅವತ್ತು ಯಾಕೆ ಹೇಳಲಿಲ್ಲ?" ಎಂದು ಕೇಳಿದರು.

"ಹೆದರಿಕೆ ಆಯಿತು."

ಅವರು ಮತ್ತೆ ಕೇಳಿದರು, "ಹನ್ನೆರಡನೆಯ ಹಾಳೆಯನ್ನು ನೀವು ಓದಿದ್ದೀರಾ?"

"ಓದಿದ್ದೇನೆ."

"ಅದನ್ನು ನಾನು ಪುಸ್ತಕದಲ್ಲಿ ಸೇರಿಸಿಲ್ಲ. ನೀವು ಓದಿದರೆ ನೋವಾಗುತ್ತದೆಂದು ಬಿಟ್ಟಿದ್ದೆ" ಎಂದರು. ಬಾಗಿಲು ಹಾಕಿಕೊಂಡರು. ಜೋರಾಗಿ ಅಲ್ಲ, ಮೆಲ್ಲಗೇ. ಕಾರಿಗೆ ಬಂದು ಕೂತು ನಾನು ಮಕ್ಕಳ ಹಾಗೆ ಅತ್ತೆ. ಗಿರಿಜಾ ಕಾರನ್ನು ಮನೆಯ ಕಡೆ ತಿರುಗಿಸಿದಳು.

ಮಂಗಳವಾರ ಅವರು ಬರಲಿಲ್ಲ. ಮರುವಾರವೂ ಇಲ್ಲ. ದೂರಿನ ಪತ್ರ ಬರುತ್ತದೆ ಎಂದು ಕಾದೆ. ಮಾರ್ಗರೆಟ್ ಕರೆದಾಗಲೆಲ್ಲ ಮೇಜಿನ ಖಾನೆ ಖಾಲಿ ಮಾಡುವುದನ್ನು ಮನಸ್ಸಿನಲ್ಲೇ ತಾಲೀಮು ಮಾಡಿಕೊಂಡು ಹೋಗುತ್ತಿದ್ದೆ. ಅವಳು ಕರೆದದ್ದು ರಜೆಯ ಪಟ್ಟಿಗೋ, ಕೆಟ್ಟ ಲಿಫ್ಟಿಗೋ ಆಗಿರುತ್ತಿತ್ತು. ಅವಳಿಗೆ ನಾನೇ ಹೇಳಬಹುದಿತ್ತು. ಹೊಸ್ತಿಲಲ್ಲಿ ನನ್ನ ಧೈರ್ಯವೆಲ್ಲ ಖರ್ಚಾಗಿಹೋಗಿತ್ತು.

ಒಂದು ವರ್ಷದ ಮೇಲೆ ಅಂಚೆಯಲ್ಲಿ ಪುಸ್ತಕ ಬಂತು, ಪತ್ರ ಇರಲಿಲ್ಲ. ರಟ್ಟಿನ ಮೇಲೆ ಯಾವುದೋ ಬಾವಿಯ ಚಿತ್ರ. ನಿಂತಲ್ಲೇ ಪುಟ ತಿರುವಿದೆ. ಎಲೆಯ ಮಾತು ಎಲ್ಲೂ ಇಲ್ಲ. ಜನ ಅವರನ್ನು ಮೆಚ್ಚಿದ್ದರೋ ಇಲ್ಲವೋ ಹೇಳುವ ಕಾಗದ ನನಗೆ ಸಿಗಲಿಲ್ಲ ಎಂದು ಬರೆದು ಮುಗಿಸಿದ್ದರು. ಆಮೇಲೆ ಇನ್ನೊಂದನ್ನು ಹುಡುಕಿದೆ. ಹನ್ನೆರಡನೆಯ ಹಾಳೆ. ಈಗ ಸೇರಿಸಲು ಅವರಿಗೆ ಏನು ಅಡ್ಡಿ? ಮೊದಲಿನಿಂದ ಕೊನೆಯವರೆಗೆ ಎರಡು ಸಲ ಹುಡುಕಿದೆ. ಆಗಲೂ ಸೇರಿಸಿರಲಿಲ್ಲ.

ಮರುಚಳಿಗಾಲದಲ್ಲಿ ಆರ್ಥರ್ ತೀರಿಕೊಂಡರೆಂದು ಮಾರ್ಗರೆಟ್ ಹೇಳಿದಳು. ಇನ್ನು ನನ್ನ ಗುಟ್ಟು ಬಲ್ಲವರು ಗಿರಿಜಾ ಬಿಟ್ಟರೆ ಯಾರೂ ಇರಲಿಲ್ಲ. ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ, ಹೆದರಿಕೆ ಹೆಚ್ಚಾಯಿತು. ಇನ್ನು ನಾನು ಹೇಳದಿದ್ದರೆ ಆ ಎಲೆ ಸಾಹೇಬರ ಕಾಲದ್ದೇ ಆಗಿ ಉಳಿಯುತ್ತದೆ. ನಾಳೆ ಇನ್ನೊಬ್ಬರು ಬಂದು ಅದರ ಮುಂದೆ ಕೂತು ಅಳುತ್ತಾರೆ.

ನಿವೃತ್ತಿಯ ದಿನ ಮಧ್ಯಾಹ್ನ ಕೇಕು ಕತ್ತರಿಸಿದ ಮೇಲೆ, ನಾನು ಓದುಗರ ಕಡೆಯ ಮೇಜಿಗೆ ಹೋಗಿ ಕೂತು ಸಾಹೇಬರ ಸಂಪುಟ ತರಿಸಿಕೊಂಡೆ. ಮನೆಯಲ್ಲೇ ಪೆನ್ಸಿಲಿನಲ್ಲಿ ಬರೆದು ತಂದಿದ್ದ ಒಂದು ಹಾಳೆಯನ್ನೂ ಕದ್ದೊಯ್ದಿದ್ದ ಚೀಟಿಯನ್ನೂ ಅದರ ಮೇಲಿಟ್ಟು, ಮಾರ್ಗರೆಟಳನ್ನು ಕರೆದೆ. ಅವಳು ನಿಂತೇ ಓದಿದಳು. ಕನ್ನಡಕ ತೆಗೆದು ಒರೆಸಿದಳು. ನಾನು ಪಿಂಚಣಿಯ ಬಗ್ಗೆ, ಪೊಲೀಸರ ಬಗ್ಗೆ, ಹೊರಗೆ ಕಾರಿನಲ್ಲಿ ಕಾಯುತ್ತಿದ್ದ ಗಿರಿಜಾಳ ಬಗ್ಗೆ ಯೋಚಿಸುತ್ತ ಕೂತೆ.

"ಎಲೆಯನ್ನು ತೆಗೆದುಬಿಡಿ" ಎಂದೆ.

"ಆಗುವುದಿಲ್ಲ. ಪಟ್ಟಿಯಲ್ಲಿ ಬಂದುಹೋಗಿದೆ. ಈಗ ತೆಗೆದರೆ ಅದು ಇನ್ನೊಂದು ಸುಳ್ಳು" ಎಂದಳು. ಕೂತು, ಲಕೋಟೆಯ ಪಕ್ಕದಲ್ಲಿ ನನ್ನ ಹಾಳೆಯನ್ನು ಇಟ್ಟು, ಚೀಟಿಯನ್ನು ಅದಕ್ಕೆ ಜೋಡಿಸಿ, ಬಲತುದಿಯಲ್ಲಿ ೪೭ಬಿ ಎಂದು ಬರೆದಳು. "ಇದನ್ನು ಮೊದಲ ದಿನವೇ ಹೇಳಿದ್ದರೆ ಒಂದು ಎಲೆ ಎಸೆದು ಟೀ ಕುಡಿಯುತ್ತಿದ್ದೆವು, ಶ್ರೀಪಾದ್" ಎಂದಳು. ಅವಳ ದನಿಯಲ್ಲಿ ಸಿಟ್ಟಿತ್ತೋ ಮರುಕವಿತ್ತೋ ತಿಳಿಯಲಿಲ್ಲ. ಕೈ ಕುಲುಕದೆ ಎದ್ದುಹೋದಳು.

ಅನಘಾ, ಕೆಲಸ ಹೇಗಿರುತ್ತದೆ ಎಂದು ನೀನು ಕೇಳಿದ್ದಕ್ಕೆ ಉತ್ತರ ಅವಳ ಆ ಮಾತಿನಲ್ಲೇ ಇದೆ. ಮುಂದೆ ಎಂದಾದರೂ ಆ ಸಂಪುಟ ನಿನ್ನ ಕೈಗೆ ಬಂದರೆ ನನ್ನ ಹಾಳೆಯನ್ನೂ ಓದು. ಸಾಹೇಬರದು ನಲವತ್ತಾರು ಹಾಳೆಯ ಅರ್ಜಿ, ನನ್ನದು ಒಂದೇ ಹಾಳೆ. ಅದರ ಕೊನೆಯ ಸಾಲನ್ನು ಬರೆಯಲು ನನಗೆ ಮೂರು ದಿನ ಹಿಡಿಯಿತು. ಹನ್ನೆರಡನೆಯ ಹಾಳೆಯಲ್ಲಿ ಸಾಹೇಬರು ಬರೆದ ಭಯದ ಸುಳ್ಳಿನ ಮಾತು ನನ್ನ ಮಟ್ಟಿಗೆ ನಿಜ, ನನ್ನ ಊರಿನ ಮಟ್ಟಿಗೆ ಅಲ್ಲ ಎಂದು ಬರೆದಿದ್ದೇನೆ.